ವಾಲ್ಟರ್ ಕ್ಯಾಂಪ್: ಐದು ಗಜದ ನಿಯಮ ಹುಟ್ಟಿದ ಬಗೆ

ವಾಲ್ಟರ್ ಕ್ಯಾಂಪ್ 1859ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್‌ನಲ್ಲಿ ಜನಿಸಿದರು. 1876ರಿಂದ ಯೇಲ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿ, 1888ರಿಂದ 1892ರವರೆಗೆ ಅದೇ ತಂಡಕ್ಕೆ ತರಬೇತಿ ನೀಡಿದರು. ಆ ಐದು ವರ್ಷಗಳಲ್ಲಿ ಯೇಲ್ 67 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತಿತು. 1888ರಲ್ಲಂತೂ 698 ಅಂಕ ಗಳಿಸಿ, ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಗಡಿಯಾರದ ಕಂಪನಿಯಲ್ಲಿ ಉದ್ಯೋಗವಿದ್ದುದರಿಂದ ಅವರು ಮೈದಾನಕ್ಕೆ ಬರಲಾಗದ ದಿನಗಳಲ್ಲಿ ಪತ್ನಿ ಆಲಿಸ್ ಅಭ್ಯಾಸವನ್ನು ನೋಡಿ ಬಂದು ವರದಿ ಒಪ್ಪಿಸುತ್ತಿದ್ದರು.

ಇಷ್ಟು ನೆನಪಿಡುವುದು ಸುಲಭ. ನಾನು ಎಡವಿದ್ದು ಅವರು ರೂಪಿಸಿದ ನಿಯಮಗಳಲ್ಲಿ. ಈ ಆಟ ಹುಟ್ಟಿದ್ದು ರಗ್ಬಿಯಿಂದ; ರಗ್ಬಿಯ ಗುಂಪುಗಟ್ಟುವಿಕೆಯಲ್ಲಿ ಚೆಂಡು ಯಾರ ಪಾಲಾಗುತ್ತದೆಂದು ಹೇಳಲಾಗದು. 1880ರಲ್ಲಿ ಕ್ಯಾಂಪ್ ಅದನ್ನು ಬದಲಿಸಿ, ಚೆಂಡು ಒಂದೇ ತಂಡದ ವಶದಲ್ಲಿದ್ದು ಆ ತಂಡವೇ ಆಟವನ್ನು ಆರಂಭಿಸುವ ಸ್ಕ್ರಿಮೇಜ್ ಪದ್ಧತಿಯನ್ನು ತಂದರು. ಆಟಗಾರರ ಸಂಖ್ಯೆಯೂ ಆಗಲೇ ಹದಿನೈದರಿಂದ ಹನ್ನೊಂದಕ್ಕೆ ಇಳಿಯಿತು. ಆದರೆ ಚೆಂಡನ್ನು ಯಾವಾಗ ಬಿಟ್ಟುಕೊಡಬೇಕೆಂದು ನಿಯಮ ಹೇಳಿರಲಿಲ್ಲ. ಅದರ ಫಲವಾಗಿ 1881ರ ಯೇಲ್–ಪ್ರಿನ್ಸ್‌ಟನ್ ಪಂದ್ಯದಲ್ಲಿ ಮೊದಲಾರ್ಧವೆಲ್ಲ ಪ್ರಿನ್ಸ್‌ಟನ್, ಉಳಿದರ್ಧವೆಲ್ಲ ಯೇಲ್ ಚೆಂಡನ್ನು ಹಿಡಿದೇ ಕುಳಿತವು. ಪಂದ್ಯ ಸೊನ್ನೆ–ಸೊನ್ನೆಯಲ್ಲಿ ಮುಗಿಯಿತು.

ಈ ಹಿನ್ನೆಲೆ ತಿಳಿಯದೆ 1882ರ ನಿಯಮವನ್ನು ಓದಿದರೆ ತಲೆಬುಡ ಹತ್ತುವುದಿಲ್ಲ. ಸತತ ಮೂರು ಡೌನ್‌ಗಳಲ್ಲಿ (ಚೆಂಡು ಹಿಡಿದ ತಂಡದ ಒಂದೊಂದು ಪ್ರಯತ್ನವೂ ಒಂದು ಡೌನ್) ಐದು ಗಜ ಮುಂದೆಯೂ ಸಾಗದೆ, ಹತ್ತು ಗಜವನ್ನೂ ಕಳೆದುಕೊಳ್ಳದಿದ್ದರೆ, ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ‘ಕಳೆದುಕೊಳ್ಳದಿದ್ದರೆ’ ಎಂಬುದನ್ನು ನಾನು ಎರಡು ದಿನ ‘ಕಳೆದುಕೊಂಡರೆ’ ಎಂದೇ ಓದಿಕೊಂಡು, ಹಿಂದೆ ಸರಿದದ್ದಕ್ಕೆ ಅದು ಶಿಕ್ಷೆ ಎಂದು ಭಾವಿಸಿದ್ದೆ. ನಿಜಸಂಗತಿ ತದ್ವಿರುದ್ಧ: ಹತ್ತು ಗಜ ಹಿಂದೆ ಸರಿದ ತಂಡವೂ ಚೆಂಡನ್ನು ಉಳಿಸಿಕೊಳ್ಳುತ್ತಿತ್ತು. ಒಂದು ಲೆಕ್ಕ ಹಾಕಿ ನೋಡಿ. ಮೂರು ಡೌನ್‌ಗಳಲ್ಲಿ ಎರಡು ಗಜ ಮುಂದೆ ಹೋದರೆ ಚೆಂಡು ಕೈತಪ್ಪುತ್ತದೆ. ಹನ್ನೊಂದು ಗಜ ಹಿಂದೆ ಬಂದರೆ ಕೈಯಲ್ಲೇ ಇರುತ್ತದೆ. ಹಾಗೆ ಸರಿದಷ್ಟೂ ತನ್ನದೇ ಗೋಲಿನ ಗೆರೆ ಹತ್ತಿರವಾಗುವುದರಿಂದ ಈ ದಾರಿ ಅಗ್ಗದ್ದಾಗಿರಲಿಲ್ಲ ಎಂಬುದು ನನ್ನ ಸಮಾಧಾನ. ಈ ಗಜಗಳನ್ನು ಅಳೆಯಲೆಂದೇ ಮೈದಾನಕ್ಕೆ ಅಡ್ಡಗೆರೆಗಳು ಬಂದವು.

ಮುಂದಿನ ಬದಲಾವಣೆಗಳನ್ನು ಎರಡು ಇಸವಿಗಳಲ್ಲೇ ಹಿಡಿದಿಟ್ಟುಕೊಳ್ಳಬಹುದು: 1906ರಲ್ಲಿ ಐದು ಗಜ ಹತ್ತಾಯಿತು, 1912ರಲ್ಲಿ ಮೂರು ಡೌನ್ ನಾಲ್ಕಾಯಿತು. ಕ್ಯಾಂಪ್ ಕೊನೆಯವರೆಗೂ ನಿಯಮ ಸಮಿತಿಯಲ್ಲಿದ್ದರು. 1925ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅದರ ಸಭೆಗೆಂದು ಹೋಗಿದ್ದಾಗಲೇ ನಿಧನರಾದರು.