ತೋಹು ವಾವೋಹು: ಅದು ಶೂನ್ಯ ಅಲ್ಲ

"ಸೃಷ್ಟಿಗೆ ಮೊದಲು ಏನೂ ಇರಲಿಲ್ಲ, ಬರೀ ತೋಹು ವಾವೋಹು ಇತ್ತು." ಈ ಮಾತನ್ನು ಚರ್ಚಿನ ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ವಾಟ್ಸಾಪ್‌ನಲ್ಲೂ ಓದಿದ್ದೇನೆ. ತೋಹು ವಾವೋಹು ಎಂಬುದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಆರಂಭದಲ್ಲೇ ಬರುವ ಹೀಬ್ರೂ ಜೋಡಿಪದ. ಮೊನ್ನೆ ಒಂದು ವಿಡಿಯೋದಲ್ಲಿ ತೋಹು ಎಂದರೆ ನಿರ್ವಾತ, ಬಿಗ್ ಬ್ಯಾಂಗ್‌ಗೂ ಮುಂಚಿನ ಸ್ಥಿತಿ ಅಂತ ವಿವರಿಸುತ್ತಿದ್ದರು. ಇಷ್ಟಾದ ಮೇಲೂ ಸುಮ್ನಿರುವುದು ಕಷ್ಟ.

ಆದಿಕಾಂಡದ ಎರಡನೇ ವಚನವನ್ನು ಪೂರ್ತಿ ಓದಿ. ಅಲ್ಲಿ ಭೂಮಿ ಇದೆ, ಕತ್ತಲಿದೆ, ಆಳವಾದ ನೀರಿದೆ. ನೀರಿನ ಮೇಲೆ ದೇವರ ಉಸಿರು ಸುಳಿದಾಡುತ್ತಿದೆ. ಇಷ್ಟೆಲ್ಲ ಇರುವುದಕ್ಕೆ 'ಏನೂ ಇಲ್ಲ' ಅನ್ನೋಕಾಗುತ್ತಾ? ನಮ್ಮ ಹಳೆಯ ಕನ್ನಡ ಬೈಬಲು ಇಲ್ಲಿ ಭೂಮಿ "ಕ್ರಮವಿಲ್ಲದೆಯೂ ಬರಿದಾಗಿಯೂ ಇತ್ತು" ಎನ್ನುತ್ತದೆ. ಅನುವಾದಕರು ಎಚ್ಚರದಿಂದಲೇ ಬರೆದಿದ್ದಾರೆ. ಶೂನ್ಯವನ್ನು ಅದರೊಳಗೆ ತಂದಿಟ್ಟವರು ನಾವು.

ಇಂಥ ಪದದ ಹಿಂದೆ ಹೀಬ್ರೂ ರೀತಿಯ ಯೋಚನೆ ಇದೆ ಎಂದ ಕೂಡಲೇ ಕೆಲವರು ಅದನ್ನೊಂದು ಗುಟ್ಟಿನ ವಿದ್ಯೆ ಮಾಡಿಬಿಡುತ್ತಾರೆ. ಅದು ಬೇಡ. ವ್ಯಾಕರಣ ನೋಡಿ ಒಂದು ಜನಾಂಗದ ಮನಸ್ಸನ್ನು ಅಳೆಯುವ ಅಭ್ಯಾಸವನ್ನು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1961ರಲ್ಲೇ ಕಟುವಾಗಿ ಟೀಕಿಸಿದ್ದರು. ಪದ ಎಲ್ಲೆಲ್ಲಿ ಬರುತ್ತದೆ, ವಾಕ್ಯದಲ್ಲಿ ಏನು ಕೆಲಸ ಮಾಡುತ್ತದೆ ಎಂದು ನೋಡಿದರೆ ಸಾಕು.

'ತೋಹು' ಎಲ್ಲೆಲ್ಲಿ ಬರುತ್ತದೆ? ಧರ್ಮೋಪದೇಶಕಾಂಡದ 32ನೇ ಅಧ್ಯಾಯದಲ್ಲಿ ಅದು ಮರಳುಗಾಡು, ಕಾಡುಪ್ರಾಣಿಗಳು ಊಳಿಡುವ ಬಯಲು. ಯೋಬನ ಪುಸ್ತಕದಲ್ಲಿ ವ್ಯಾಪಾರಿಗಳ ಗುಂಪು ನೀರು ಹುಡುಕಿಕೊಂಡು ದಾರಿ ಬಿಟ್ಟು ತೋಹುವಿಗೆ ಹೋಗಿ ಸಾಯುತ್ತದೆ. ಯೆಶಾಯ 24ರಲ್ಲಿ 'ಕಿರ್ಯತ್ ತೋಹು' ಇದೆ, ಅಂದರೆ ತೋಹುವಿನ ಪಟ್ಟಣ. ಅಲ್ಲಿ ಮನೆಗಳಿವೆ, ಆದರೆ ಎಲ್ಲದರ ಬಾಗಿಲು ಮುಚ್ಚಿದೆ, ಒಳಗೆ ಹೋಗುವವರಿಲ್ಲ. ಪ್ರವಾದಿ ಸಮುವೇಲನು ವಿಗ್ರಹಗಳನ್ನೂ ತೋಹು ಎನ್ನುತ್ತಾನೆ. ಅವು ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ, ಆದರೆ ಉಪಯೋಗಕ್ಕಿಲ್ಲ ಎನ್ನುವುದು ಅವನ ದೂರು. ಇವುಗಳಲ್ಲಿ ಒಂದೂ 'ಇಲ್ಲದ' ವಸ್ತುವಲ್ಲ. ಇದ್ದೂ ಬದುಕಿಗೆ ಒದಗದವು ಇವೆಲ್ಲ.

ಜೋಡಿಯ ಇನ್ನೊಂದು ಪದ 'ಬೋಹು', ಅದರ ಕಥೆ ಬೇರೆ. ಬೈಬಲಿನಲ್ಲಿ ಅದು ಬರುವುದೇ ಮೂರು ಸಲ, ಒಮ್ಮೆಯೂ ಒಂಟಿಯಾಗಿಲ್ಲ. 'ಮತ್ತು' ಎಂಬರ್ಥದ 'ವಾ' ಸೇರಿದಾಗ ಬಕಾರ ಮೆತ್ತಗಾಗಿ 'ವಾವೋಹು' ಆಗುತ್ತದೆ. ಎರಡೂ ಸೇರಿ ಪ್ರಾಸ ಹಿಡಿದು ಓಡುತ್ತವೆ. ಇಂಥ ಜೋಡುನುಡಿ ನಮಗೇನು ಹೊಸದಲ್ಲ. 'ಹಾಳುಬೀಳು' ಎನ್ನುತ್ತೇವಲ್ವಾ? ಹಾಳು ಎಂದರೆ ಜನ ಬಿಟ್ಟುಹೋದದ್ದು, ಬೀಳು ಎಂದರೆ ಉತ್ತದ್ದೂ ಅಲ್ಲ ಬಿತ್ತದ್ದೂ ಅಲ್ಲ. ತೋಹು ವಾವೋಹುವಿಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಬೀಳು ಜಮೀನನ್ನು ಯಾರೂ ಶೂನ್ಯ ಎನ್ನುವುದಿಲ್ಲ.

ಈ ಜೋಡಿಯ ಅರ್ಥ ಸರಿಯಾಗಿ ತಿಳಿಯಬೇಕಾದರೆ ಯೆರೆಮೀಯ 4ನೇ ಅಧ್ಯಾಯ ತೆಗೆಯಿರಿ, 23ನೇ ವಚನದಿಂದ. ಬಾಬಿಲೋನಿನ ದಾಳಿಯ ಭಯ ದೇಶದ ಮೇಲೆ ಕವಿದಿದ್ದ ಕಾಲ ಅದು. ಪ್ರವಾದಿ ನಾಲ್ಕು ಸಲ 'ನಾನು ನೋಡಿದೆ' ಎನ್ನುತ್ತಾನೆ. ಭೂಮಿಯನ್ನು ನೋಡಿದೆ, ತೋಹು ವಾವೋಹು. ಆಕಾಶವನ್ನು ನೋಡಿದೆ, ಬೆಳಕಿಲ್ಲ. ಬೆಟ್ಟಗಳನ್ನು ನೋಡಿದೆ, ನಡುಗುತ್ತಿದ್ದವು. ಮತ್ತೆ ನೋಡಿದೆ, ಮನುಷ್ಯನೇ ಇಲ್ಲ, ಹಕ್ಕಿಗಳೂ ಹಾರಿಹೋಗಿದ್ದವು. ಫಲ ಕೊಡುತ್ತಿದ್ದ ನೆಲ ಮರುಭೂಮಿಯಾಗಿತ್ತು, ಪಟ್ಟಣಗಳು ಕುಸಿದಿದ್ದವು. ಆದಿಕಾಂಡದ ಮೊದಲ ಅಧ್ಯಾಯ ಒಂದೊಂದಾಗಿ ಕೊಟ್ಟದ್ದನ್ನು ಇಲ್ಲಿ ಒಂದೊಂದಾಗಿ ವಾಪಸ್ ತೆಗೆದುಕೊಂಡಂತಿದೆ. ಆದರೂ ನೆಲ ಮಾಯವಾಗಿಲ್ಲ, ಬೆಟ್ಟ ಕರಗಿಲ್ಲ. ಹೋಗಿರುವುದು ಬೆಳಕು, ಬೆಳೆ, ಜನ, ಹಕ್ಕಿ. ಈ ಭಾಗ ಓದಿದ ಮೇಲೂ ತೋಹು ಎಂದರೆ ನಿರ್ವಾತ ಎನ್ನುವವರು ಪದವನ್ನು ಓದುತ್ತಿಲ್ಲ, ತಮ್ಮ ಸಿದ್ಧಾಂತವನ್ನು ಓದುತ್ತಿದ್ದಾರೆ.

ಈಗ ಸೃಷ್ಟಿಯ ಆರು ದಿನಗಳಿಗೆ ಬನ್ನಿ. "ಸೂರ್ಯ ನಾಲ್ಕನೇ ದಿನ ಬಂದರೆ ಮೊದಲ ದಿನ ಬೆಳಕು ಎಲ್ಲಿಂದ ಬಂತು?" ಎಂಬ ಪ್ರಶ್ನೆ ಯಾವಾಗಲೂ ಇದ್ದದ್ದೇ. ಅಧ್ಯಾಯದ ಜೋಡಣೆ ನೋಡಿ. ಮೊದಲ ಮೂರು ದಿನ ಬೇರ್ಪಡಿಸುವ ಕೆಲಸ: ಬೆಳಕು-ಕತ್ತಲು, ಮೇಲಿನ ನೀರು-ಕೆಳಗಿನ ನೀರು, ಕಡಲು-ಒಣನೆಲ. ಆಮೇಲಿನ ಮೂರು ದಿನ ಅದೇ ಸರದಿಯಲ್ಲಿ ತುಂಬುವ ಕೆಲಸ: ಸೂರ್ಯ-ಚಂದ್ರರಂಥ ದೀಪಗಳು, ಮೀನು ಮತ್ತು ಹಕ್ಕಿ, ಪ್ರಾಣಿ ಮತ್ತು ಮನುಷ್ಯ. ಕ್ರಮವಿಲ್ಲದ್ದಕ್ಕೆ ಕ್ರಮ, ಬರಿದಾದದ್ದಕ್ಕೆ ತುಂಬು. ಎರಡನೇ ವಚನದ ಎರಡು ಕೊರತೆಗಳಿಗೆ ಸಿಕ್ಕ ಉತ್ತರ ಇದು. 'ಯಾವುದರಿಂದ ಮಾಡಿದ' ಎಂಬುದಕ್ಕಿಂತ 'ಬದುಕಲು ಹೇಗೆ ಅನುವು ಮಾಡಿದ' ಎಂಬುದೇ ಈ ಅಧ್ಯಾಯಕ್ಕೆ ಜಾಸ್ತಿ ಮುಖ್ಯ.

ದೇವರು ಏನೂ ಇಲ್ಲದೆ ಸೃಷ್ಟಿಸಿದ ಎಂಬ ನಂಬಿಕೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಆಧಾರಗಳಿವೆ. 2 ಮಕ್ಕಬಿಯ 7:28ರಲ್ಲಿ ಒಬ್ಬ ತಾಯಿ, ಹಿಂಸೆಗೆ ಸಿಕ್ಕಿ ಸಾಯಲಿರುವ ತನ್ನ ಕಿರಿಯ ಮಗನಿಗೆ, ದೇವರು ಇವನ್ನೆಲ್ಲ ಮೊದಲೇ ಇದ್ದದ್ದರಿಂದ ಮಾಡಲಿಲ್ಲ ಎಂದು ಧೈರ್ಯ ಹೇಳುತ್ತಾಳೆ. ಅದು ಗ್ರೀಕಿನಲ್ಲಿರುವ, ಎಷ್ಟೋ ಕಾಲದ ನಂತರದ ಪುಸ್ತಕ. ಆ ನಂಬಿಕೆಯನ್ನು ಅಲ್ಲಿಂದ ಎತ್ತಿ ಹೇಳಿ. ತೋಹುವಿನ ತಲೆಗೆ ಕಟ್ಟಬೇಡಿ.

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲವಿದೆ. ಒಂದನೇ ವಚನದಲ್ಲಿ ಚೆನ್ನಾಗಿದ್ದ ಭೂಮಿ ಸೈತಾನನ ದಂಗೆಯಿಂದ ಎರಡನೇ ವಚನದಲ್ಲಿ ಹಾಳಾ'ಯಿತು' ಎನ್ನುವ ವಾದ. ದೇವರು ಭೂಮಿಯನ್ನು ತೋಹುವಾಗಿ ಸೃಷ್ಟಿಸಲಿಲ್ಲ ಎಂಬ ಯೆಶಾಯ 45:18ನ್ನು ಇದಕ್ಕೆ ಸಾಕ್ಷಿ ತರುತ್ತಾರೆ, ಆದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಮಾತು 'ಜನ ವಾಸಿಸಲೆಂದೇ ರೂಪಿಸಿದ' ಎಂದಿದೆ. ಅಲ್ಲಿ ಹೇಳುತ್ತಿರುವುದು ಉದ್ದೇಶ, ಮೊದಲ ದಿನದ ಸ್ಥಿತಿ ಅಲ್ಲ. ಇನ್ನು ಎರಡನೇ ವಚನದಲ್ಲಿ ಅವರು 'ಆಯಿತು' ಎಂದು ಓದುವ 'ಹಾಯ್ತಾ' ಕ್ರಿಯಾಪದ. ಅಲ್ಲಿ ಭೂಮಿ ಎಂಬ ಪದ ಕ್ರಿಯಾಪದಕ್ಕಿಂತ ಮೊದಲು ಬಂದಿದೆ. ಹೀಬ್ರೂ ಕಥನದಲ್ಲಿ ಹೀಗೆ ಬಂದರೆ ಸಾಮಾನ್ಯವಾಗಿ ಅದು ಹಿನ್ನೆಲೆಯ ಮಾತು: 'ಇತ್ತು', 'ಆಯಿತು' ಅಲ್ಲ. ಕಥೆಯನ್ನು ಮುಂದಕ್ಕೆ ನಡೆಸುವ ಮೊದಲ ಕ್ರಿಯಾಪದ ಬರುವುದು ಮೂರನೇ ವಚನದಲ್ಲಿ. ಅದು 'ವಯ್ಯೋಮೆರ್', ದೇವರು ಅಂದನು.