ಸೆಮಿನಾರ್ ಮುಗಿದ ಮೇಲೆ ಶುರುವಾಗುವ ವಿಚಾರಣೆ

ಮುಧೋಳದ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜು ಸೇರಿದಳು ಅಂದುಕೊಳ್ಳಿ. ಮೊದಲ ಸೆಮಿನಾರ್. ವಿಷಯ ಚೆನ್ನಾಗಿ ಗೊತ್ತಿದೆ. ಆದರೆ ಎದ್ದು ನಿಂತ ಕೂಡಲೇ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಒಂದು ಕಡೆ ಮಾತು ತಡವರಿಸುತ್ತದೆ. ಹೇಗೋ ಮುಗಿಸಿ ಬಂದು ಕೂರುತ್ತಾಳೆ. ನಿಜವಾದ ಕಷ್ಟ ಶುರುವಾಗುವುದು ರಾತ್ರಿ, ಹಾಸ್ಟೆಲ್‌ನಲ್ಲಿ ಲೈಟ್ ಆರಿಸಿದ ಮೇಲೆ. ‘ಹಿಂದಿನ ಬೆಂಚಿನವರು ನಕ್ಕರು. ನನ್ನ ನೋಡಿಯೇ ನಕ್ಕಿರಬೇಕು. ಮಂದಿ ಏನ್ ಅನ್ಕೊಂಡ್ರೋ.’

ಇದನ್ನು ಸುಮ್ನೆ ನಾಚಿಕೆ ಅಂತ ತಳ್ಳಿಹಾಕಬಾರದು. ಈ ಭಯ ತಿಂಗಳುಗಟ್ಟಲೆ ಬಿಡದೆ ಓದಿಗೆ, ಕೆಲಸಕ್ಕೆ, ಗೆಳೆತನಕ್ಕೆ ಅಡ್ಡ ಬಂದರೆ ಅದು ಸಾಮಾಜಿಕ ಆತಂಕ ಇರಬಹುದು. ಅದು ಹೇಗೆ ಬೇರು ಬಿಡುತ್ತದೆ ಎಂಬುದನ್ನು ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ವಿವರಿಸಿದರು. ಜನರ ಮುಂದೆ ನಿಂತಾಗ ಗಮನವೆಲ್ಲ ನಮ್ಮ ಮೇಲೆಯೇ ತಿರುಗುತ್ತದೆ. ದನಿ ನಡುಗುತ್ತಿದೆಯಾ, ಮುಖ ಕೆಂಪಾಯ್ತಾ ಅಂತ ಒಳಗೊಳಗೇ ಪರೀಕ್ಷೆ. ಒಳಗಿನ ದಿಗಿಲು ಎದುರಿನವರಿಗೂ ಅಷ್ಟೇ ಕಾಣುತ್ತಿದೆ ಎಂದು ನಂಬಿಬಿಡುತ್ತೇವೆ. ನೆಲ ನೋಡಿಕೊಂಡು ಮಾತಾಡುವುದು, ಚೀಟಿ ನೋಡಿ ಗಡಿಬಿಡಿಯಲ್ಲಿ ಓದಿ ಮುಗಿಸುವುದು ಇವೆಲ್ಲ ಪಾರಾಗುವ ದಾರಿಗಳು. ಆಮೇಲೆ ರಾತ್ರಿಯ ವಿಚಾರಣೆ. ಅದು ನಡೆದಷ್ಟೂ ಮುಂದಿನ ಸೆಮಿನಾರ್ ಇನ್ನೂ ಭಯಂಕರವಾಗಿ ಕಾಣುತ್ತದೆ.

ಮಂದಿ ನಿಜವಾಗಿ ಎಷ್ಟು ನೋಡುತ್ತಾರೆ? 2000ದಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಟೀ ಶರ್ಟ್ ತೊಡಿಸಿ ಬೇರೆಯವರಿದ್ದ ಕೋಣೆಗೆ ಕಳಿಸಲಾಯಿತು. ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರು ಅಂದಾಜು ಮಾಡಿದರು. ಗಮನಿಸಿದ್ದು ಸುಮಾರು ಕಾಲು ಭಾಗದವರು.

ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ, ‘ಅಂಜಬ್ಯಾಡವಾ, ನೀ ಯಾರಿಗೇನ ಕಡಿಮಿ?’ ಪ್ರೀತಿಯ ಮಾತು. ತಪ್ಪೂ ಅಲ್ಲ. ಆತ್ಮಗೌರವ ಕಡಿಮೆ ಇದ್ದವರಲ್ಲಿ ಸಾಮಾಜಿಕ ಆತಂಕ ಜಾಸ್ತಿ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತೊಡಕು ಏನೆಂದರೆ, ನಮ್ಮ ಆತ್ಮಗೌರವ ಎಷ್ಟೋ ಸಲ ವಿಜಯಪುರದ ಮಳೆ ನಂಬಿದ ಹೊಲದ ಹಾಗೆ. ಮಾರ್ಕ್ಸ್, ಚಪ್ಪಾಳೆ, ಹೊಗಳಿಕೆ ಬಿದ್ದರೆ ಹಸಿರು, ಇಲ್ಲದಿದ್ದರೆ ಒಣಭೂಮಿ. ‘ನೀನು ಕಡಿಮೆಯಲ್ಲ’ ಅನ್ನುವಾಗಲೂ ಹೆಚ್ಚು ಕಡಿಮೆ ಅಳೆಯುವ ಕೆಲಸ ನಿಲ್ಲುವುದಿಲ್ಲ, ಅಲ್ವಾ? ಅಳತೆಗೆ ಹೆದರಿದವಳ ಕೈಗೆ ಮತ್ತೊಂದು ಅಳತೆಗೋಲು ಕೊಟ್ಟಂತಾಯಿತು.

ಬೇರೆ ದಾರಿಯೊಂದಿದೆ: ಸ್ವ-ಕರುಣೆ, ಅಂದರೆ ಎಡವಿದಾಗ ತನ್ನನ್ನೂ ಗೆಳತಿಯ ಹಾಗೆ ಕರುಣೆಯಿಂದ ನೋಡಿಕೊಳ್ಳುವುದು. ಅದು ಯಾರನ್ನೂ ಅಳೆಯುವುದಕ್ಕೇ ಹೋಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದರ ಮೂರು ಅಂಶಗಳನ್ನು ಗುರುತಿಸಿದರು: ತನ್ನ ಬಗ್ಗೆ ದಯೆ, ಇದು ಎಲ್ಲ ಮನುಷ್ಯರಿಗೂ ಆಗುವಂಥದ್ದು ಎಂಬ ಅರಿವು, ನೋವನ್ನು ಮುಚ್ಚಿಡದೆ, ಬೆಳೆಸದೆ ಇದ್ದಷ್ಟೇ ನೋಡುವುದು. ಸಾಮಾಜಿಕ ಆತಂಕಕ್ಕೆ ಎರಡನೆಯದೇ ಮುಖ್ಯ ಅಂತ ನನಗನಿಸುತ್ತದೆ. ಯಾಕೆಂದರೆ ಈ ಆತಂಕ ಸದಾ ಹೇಳುವುದು ‘ಹಿಂಗಾಗೋದು ನಿನಗೊಬ್ಬಳಿಗೇ’ ಅಂತ. ನೆಫ್ ಮತ್ತು ರೂಸ್ ವಾಂಕ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವ-ಕರುಣೆ ಇದ್ದವರಿಗೆ ತಮ್ಮ ಬೆಲೆಯ ಭಾವನೆ ಜಾಸ್ತಿ ಏರಿಳಿಯುತ್ತಿರಲಿಲ್ಲ, ಗೆಲುವು, ರೂಪ, ಮೆಚ್ಚುಗೆಗಳನ್ನು ಅಷ್ಟಾಗಿ ನೆಚ್ಚಿಯೂ ಇರಲಿಲ್ಲ.

‘ಹಂಗಾದ್ರ ಸೋಮಾರಿ ಆಗೂದಿಲ್ಲೇನು?’ ಎಂದು ಹಿರಿಯರು ಕೇಳಬಹುದು. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಎಂಬ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಕಷ್ಟದ ಪರೀಕ್ಷೆಯಲ್ಲಿ ಸೋತ ಮೇಲೆ ತಮ್ಮನ್ನು ಕರುಣೆಯಿಂದ ನೋಡಲು ಹೇಳಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಮಾಡುವುದು ಹೇಗೆ? ಆ ರಾತ್ರಿ ವಿಚಾರಣೆ ಶುರುವಾದಾಗ ಪುಸ್ತಕ ತೆಗೆದು, ಮನೆ ಮಾತಿನಲ್ಲೇ ಬರೆಯಬಹುದು. ‘ಇವತ್ತ ಮಾತ ತಡವರಿಸ್ತು, ಕೆಟ್ಟ ಅನಿಸ್ತು. ಮೊದಲ ಸಲ ನಿಂತವರಿಗೆ ಯಾರಿಗಾದ್ರೂ ಹಿಂಗಾಗತೈತಿ. ನನ್ನ ಗೆಳತಿಗೆ ಆಗಿದ್ರ ಆಕಿಗೆ ನಾ ಹಿಂಗ ಬೈತಿದ್ನೇನು?’ ಭಾಷಣದ ನಂತರ ಇಂಥ ಬರವಣಿಗೆ ಮಾಡಿಸಿದ ಕೆನಡಾದ ಸಂಶೋಧಕರಿಗೆ, ಆದದ್ದನ್ನೇ ಮೆಲುಕು ಹಾಕುವುದು ಕಡಿಮೆಯಾದದ್ದು ಕಂಡಿತು.

ಭಯ ಜೋರಾಗಿದ್ದು ಕಾಲೇಜಿಗೇ ಹೋಗದಂತಾದರೆ ಬರವಣಿಗೆಯೊಂದೇ ಸಾಲದು. ಹೆದರಿದ್ದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಆತಂಕ ಇದ್ದವರಿಗೆ ಫೋನ್ ಮಾಡುವುದೇ ದೊಡ್ಡ ಕೆಲಸ. ಹಾಗಾಗಿ ಮನೆಯವರು ಯಾರಾದರೂ ನಂಬರ್ ಒತ್ತಿ, ಮೊದಲೆರಡು ಮಾತು ತಾವೇ ಆಡಿ ಫೋನ್ ಕೊಟ್ಟರೂ ನಡೆಯುತ್ತದೆ.