ಊರೂರು ಕೇಳಿ ಬರೆದ ನಾಟಕ: ಎಸ್. ಆನ್‌ಸ್ಕಿ ಮತ್ತು ‘ದಿಬ್ಬುಕ್’

ಯಹೂದಿ ಲೇಖಕ ಎಸ್. ಆನ್‌ಸ್ಕಿ ಎಂಬ ಹೆಸರು ಇಂದು ಉಳಿದಿರುವುದು ಬಹುಮಟ್ಟಿಗೆ ಒಂದೇ ನಾಟಕದಿಂದ. ಪ್ರೀತಿಸಿದವಳು ಬೇರೊಬ್ಬನ ಪಾಲಾಗುವಳೆಂದು ತಿಳಿದು ಪ್ರಾಣಬಿಟ್ಟ ಹುಡುಗನ ಆತ್ಮ, ಮದುವೆಯ ದಿನವೇ ಅವಳ ಮೈ ಹೊಕ್ಕು ಮಾತನಾಡುವ ಕಥೆ ‘ದಿಬ್ಬುಕ್’. ಹೀಗೆ ಮೈ ಹೊಗುವ ಆತ್ಮಕ್ಕೇ ಆ ಹೆಸರು. ಇದನ್ನು ದೆವ್ವದ ನಾಟಕವೆಂದು ನೋಡುವವರೇ ಹೆಚ್ಚು. ನನಗೆ ಇದು ಒಬ್ಬ ಪತ್ರಕರ್ತನ ಕೃತಿಯಾಗಿ ಕಾಣುತ್ತದೆ. ಊರೂರು ತಿರುಗಿ, ಮುದುಕರ ಮುಂದೆ ಕುಳಿತು, ಕೇಳಿದ್ದನ್ನು ಬರೆದುಕೊಂಡವರಿಗಲ್ಲದೆ ಇನ್ನಾರಿಗೂ ಇದು ದಕ್ಕುತ್ತಿರಲಿಲ್ಲ.

ಆನ್‌ಸ್ಕಿ ಎಂಬುದು ಕಾವ್ಯನಾಮ. ಶ್ಲೋಯ್ಮೆ ಝಾನ್ವಲ್ ರಾಪೊಪೋರ್ಟ್ ಹುಟ್ಟಿದ್ದು 1863ರಲ್ಲಿ, ಇಂದಿನ ಬೆಲರೂಸ್‌ನ ಚಶ್ನಿಕಿಯಲ್ಲಿ, ಬೆಳೆದದ್ದು ವಿಟೆಬ್ಸ್ಕ್‌ನಲ್ಲಿ. ಹರೆಯದಲ್ಲಿ ಲಿಯೊಜ್ನೊ ಎಂಬ ಸಣ್ಣ ಊರಿನಲ್ಲಿ ಮನೆಪಾಠ ಹೇಳುತ್ತ, ಧಾರ್ಮಿಕ ಕಟ್ಟುಪಾಡನ್ನು ಪ್ರಶ್ನಿಸುವ ಪುಸ್ತಕಗಳನ್ನು ಅಲ್ಲಿನ ಹುಡುಗರ ಕೈಗಿಟ್ಟರು. ಊರು ಸಿಟ್ಟಾಯಿತು, ಅವರು ಅಲ್ಲಿಂದ ಹೊರಬಿದ್ದರು. ಮುಂದೆ ರೈತರ, ದುಡಿಯುವ ಜನರ ನಡುವೆ ಹೋಗಿ ಬದಲಾವಣೆ ತರಬೇಕೆಂದ ರಷ್ಯದ ಕ್ರಾಂತಿಕಾರಿಗಳಾದ ನರೋದ್ನಿಕರ ಪ್ರಭಾವದಲ್ಲಿ ದೊನೆಟ್ಸ್ ಪ್ರದೇಶದ ಗಣಿ ಕಾರ್ಮಿಕರ ನಡುವೆ ಬದುಕಿದರು. ಅವರಿಗೆ ಪುಸ್ತಕ ಓದಿ ಹೇಳಿದರು, ಯಾವ ಕಥೆ ಅವರಿಗೆ ಹಿಡಿಸುತ್ತದೆಂದು ಗಮನಿಸಿದರು. ಸಾಮಾನ್ಯ ಜನರ ಓದಿನ ಬಗ್ಗೆ 1890ರ ದಶಕದ ಆರಂಭದಲ್ಲಿ ಅವರು ರಷ್ಯನ್ ಭಾಷೆಯಲ್ಲಿ ಬರೆದ ಲೇಖನಗಳಿಗೆ ಬೇರು ಇಲ್ಲಿದೆ.

ಆಮೇಲೆ ಪ್ಯಾರಿಸ್. ಅಲ್ಲಿ ಕ್ರಾಂತಿಕಾರಿ ಚಿಂತಕ ಪ್ಯೋತ್ರ್ ಲಾವ್ರೊವ್ ಅವರ ಕಾರ್ಯದರ್ಶಿಯಾಗಿ, 1900ರಲ್ಲಿ ಲಾವ್ರೊವ್ ತೀರಿಕೊಳ್ಳುವವರೆಗೂ ದುಡಿದರು. ಯಹೂದಿ ಬದುಕಿನಿಂದ ದೂರ ಸರಿದಿದ್ದ ಆನ್‌ಸ್ಕಿಯವರನ್ನು ಮತ್ತೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನತ್ತ ಎಳೆದದ್ದು ಆ ಭಾಷೆಯ ಲೇಖಕ ಐ. ಎಲ್. ಪೆರೆಟ್ಸ್ ಅವರ ಬರಹ. 1902ರಲ್ಲಿ ಅವರು ಬರೆದ ‘ದಿ ಶ್ವುಎ’ (ಪ್ರತಿಜ್ಞೆ) ಎಂಬ ಹಾಡು ಯಹೂದಿ ಕಾರ್ಮಿಕ ಪಕ್ಷವಾದ ಬುಂಡ್‌ನ ಗೀತೆಯಾಯಿತು. 1905ರ ಕ್ರಾಂತಿಯ ಹೊತ್ತಿಗೆ ರಷ್ಯಕ್ಕೆ ಮರಳಿದರು.

ಅವರ ಬಾಳಿನ ದೊಡ್ಡ ಕೆಲಸ ಶುರುವಾದದ್ದು 1912ರಲ್ಲಿ. ಗುಂಜ್‌ಬುರ್ಗ್ ಎಂಬ ಸಿರಿವಂತ ಮನೆತನದ ಹಣದ ನೆರವಿನಿಂದ ಅವರು ಇಂದಿನ ಉಕ್ರೇನ್‌ನ ವೊಲೀನಿಯ, ಪೊದೋಲಿಯ ಮತ್ತು ಕೀವ್ ಪ್ರಾಂತ್ಯಗಳ ಯಹೂದಿ ಊರುಗಳಿಗೆ ಹೊರಟರು. ಜೊತೆಗೆ ಸಂಗೀತಗಾರ ಯೂಲಿ ಎಂಗೆಲ್, ಛಾಯಾಗ್ರಾಹಕ ಸೊಲೊಮೊನ್ ಯುದೊವಿನ್. ಹಳೆಯ ತಲೆಮಾರು ಕಣ್ಣುಮುಚ್ಚಿದರೆ ಅದರ ಕಥೆಗಳೂ ಮುಗಿದಂತೆ ಎಂಬ ಆತುರ ಅವರದು. ಸುಮಾರು 70 ಊರುಗಳಿಂದ ಅವರು ಹೊತ್ತು ತಂದದ್ದು 1,800ರಷ್ಟು ಕಥೆ ಮತ್ತು ಐತಿಹ್ಯ, 1,500 ಹಾಡು, 2,000 ಛಾಯಾಚಿತ್ರ, ಧ್ವನಿ ಮುದ್ರಿಸಿದ 500 ಮೇಣದ ಸಿಲಿಂಡರು, 700 ವಸ್ತುಗಳು. ಹುಟ್ಟಿನಿಂದ ಸಾವಿನವರೆಗಿನ, ಸಾವಿನಾಚೆಗಿನ ನಂಬಿಕೆಗಳನ್ನೂ ವಿಚಾರಿಸುವ 2,087 ಪ್ರಶ್ನೆಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಮೊದಲ ಮಹಾಯುದ್ಧ ಬಂದು ಅದರ ಉತ್ತರಗಳನ್ನು ಕಲೆಹಾಕುವ ಕೆಲಸ ನಿಂತುಹೋಯಿತು. ಆದರೆ ಆ ಪ್ರಶ್ನೆಗಳಲ್ಲೇ ಎಷ್ಟು ವಿವರವಿದೆಯೆಂದರೆ, ಈಗ ಅವನ್ನೇ ಆ ಬದುಕಿನ ದಾಖಲೆಯಾಗಿ ಓದುತ್ತಾರೆ.

ಇದೇ ಅವಧಿಯಲ್ಲಿ, 1913ರಲ್ಲಿ, ಕೀವ್‌ನಲ್ಲಿ ಮೆಂಡೆಲ್ ಬೇಲಿಸ್ ವಿಚಾರಣೆ ನಡೆಯಿತು. ಕ್ರೈಸ್ತ ಬಾಲಕನನ್ನು ರಕ್ತಕ್ಕಾಗಿ ಕೊಂದನೆಂಬ ಹುಸಿ ಆರೋಪ ಹೊತ್ತಿದ್ದ ಯಹೂದಿ ಅವನು, ಕೊನೆಗೆ ಖುಲಾಸೆಯಾದ. ಆ ವಿಚಾರಣೆಯನ್ನು ಆನ್‌ಸ್ಕಿ ಪತ್ರಿಕೆಗಳಿಗೆ ವರದಿ ಮಾಡಿದರು. ಜನರ ನಂಬಿಕೆಯನ್ನು ಪ್ರೀತಿಯಿಂದ ಸಂಗ್ರಹಿಸುತ್ತಿದ್ದ ಮನುಷ್ಯ, ನಂಬಿಕೆಯೊಂದು ಕೊಲೆಗಡುಕನಾಗುವುದನ್ನೂ ಎದುರಿನಲ್ಲೇ ಕಂಡರು.

ತಿರುಗಾಟದಲ್ಲಿ ಅವರು ಹಲವು ಊರುಗಳಲ್ಲಿ ಒಂದೇ ಬಗೆಯ ಸಮಾಧಿ ಕಂಡರು. 1648ರಲ್ಲಿ ಕೊಸಾಕ್ ದಂಗೆಕೋರರು ನಡೆಸಿದ ಯಹೂದಿಗಳ ಹತ್ಯಾಕಾಂಡದಲ್ಲಿ, ಹಸೆಯ ಮೇಲಿದ್ದಾಗಲೇ ಕೊಲೆಯಾದ ವಧೂವರರದೆಂದು ಜನ ಅದನ್ನು ತೋರಿಸುತ್ತಿದ್ದರು. ‘ದಿಬ್ಬುಕ್’ನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್ ಬಳಿ ಅದೇ ಸಮಾಧಿ ಇದೆ. ಮದುವೆಗೆ ಸತ್ತವರನ್ನೂ ಕರೆಯುವ ರೂಢಿ, ದೆವ್ವ ಬಿಡಿಸುವ ಹಸಿದಿ (ಯಹೂದಿ ಭಕ್ತಿಪಂಥದ) ಗುರು, ತೀರಿಹೋದ ತಂದೆಯೊಬ್ಬ ಮಾತು ಮುರಿದ ಗೆಳೆಯನ ಮೇಲೆ ಹೂಡುವ ದಾವೆ, ಇವೆಲ್ಲ ಆ ಲೋಕದವೇ.

ನಾಟಕ ಮೊದಲು ರೂಪುಗೊಂಡದ್ದು ರಷ್ಯನ್‌ನಲ್ಲಿ. ಮಾಸ್ಕೋದಲ್ಲಿ ಹೆಸರಾಂತ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಅದನ್ನು ಗಂಭೀರವಾಗಿ ಪರಿಗಣಿಸಿದರು, ಪ್ರದರ್ಶನ ಮಾತ್ರ ಆಗಲಿಲ್ಲ. ಯುದ್ಧದ ಆ ವರ್ಷಗಳಲ್ಲಿ ಆನ್‌ಸ್ಕಿ ಇಂದಿನ ಪೋಲೆಂಡ್ ಮತ್ತು ಉಕ್ರೇನ್‌ಗಳಲ್ಲಿ ಹಂಚಿಹೋಗಿರುವ ಗಲಿಶಿಯದಲ್ಲಿ ಪರಿಹಾರ ಹಂಚುತ್ತ ಓಡಾಡುತ್ತಿದ್ದರು. ಸುಟ್ಟ ಊರು, ಗೂಢಚಾರರೆಂಬ ಹಣೆಪಟ್ಟಿ ಹಚ್ಚಿ ಒಕ್ಕಲೆಬ್ಬಿಸಿದ ಕುಟುಂಬಗಳು, ರಷ್ಯದ ಸೈನ್ಯವೇ ಮಾಡಿದ ಸುಲಿಗೆ: ಎಲ್ಲವನ್ನೂ ಬರೆದಿಟ್ಟರು. ಅವರ ಗದ್ಯದಲ್ಲಿ ನಾನು ಮೊದಲು ಓದಿ ಎಂದು ಹೇಳುವುದು ಈ ಯುದ್ಧ ವೃತ್ತಾಂತವನ್ನೇ.

1918ರಲ್ಲಿ ಹೀಬ್ರೂ ಕವಿ ಬಿಯಾಲಿಕ್ ಮಾಡಿದ ನಾಟಕದ ಹೀಬ್ರೂ ಅನುವಾದ ಅಚ್ಚಾಯಿತು. ಬೊಲ್ಶೆವಿಕರ ಆಡಳಿತದಿಂದ ತಪ್ಪಿಸಿಕೊಂಡು ವಿಲ್ನಾಕ್ಕೆ (ಇಂದಿನ ಲಿಥುವೇನಿಯದ ವಿಲ್ನಿಯಸ್) ಹೋಗುವಾಗ ಆನ್‌ಸ್ಕಿಯವರ ಯಿಡ್ಡಿಷ್ ಹಸ್ತಪ್ರತಿ ಕಳೆದುಹೋಯಿತು. ಆ ಹೀಬ್ರೂವನ್ನೇ ಆಧರಿಸಿ ಅವರು ತಮ್ಮ ನಾಟಕವನ್ನು ಮತ್ತೆ ಯಿಡ್ಡಿಷ್‌ಗೆ ತಂದರು. ಅದನ್ನು ರಂಗದ ಮೇಲೆ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1920ರ ನವೆಂಬರ್ 8ರಂದು ತೀರಿಕೊಂಡರು. ಮೂವತ್ತು ದಿನಗಳ ಸೂತಕ ಮುಗಿಯುವ ಹೊತ್ತಿಗೆ, ಡಿಸೆಂಬರ್ 9ರಂದು, ವಿಲ್ನಾ ತಂಡ ವಾರ್ಸಾದಲ್ಲಿ ಅದನ್ನು ಆಡಿತು. 1922ರಲ್ಲಿ ಮಾಸ್ಕೋದ ಹಬೀಮಾ ತಂಡಕ್ಕಾಗಿ ವಖ್ತಾಂಗೊವ್ ಹೀಬ್ರೂವಿನಲ್ಲಿ ನಿರ್ದೇಶಿಸಿದರು. ಸಂಗೀತ ಎಂಗೆಲ್ ಅವರದು. 1937ರಲ್ಲಿ ಪೋಲೆಂಡ್‌ನಲ್ಲಿ ಯಿಡ್ಡಿಷ್ ಚಲನಚಿತ್ರವಾಯಿತು. ಕೆಲವೇ ವರ್ಷಗಳಲ್ಲಿ ನಾಜಿಗಳು ಆನ್‌ಸ್ಕಿ ಸುತ್ತಿದ ಊರುಗಳ ಯಹೂದಿಗಳನ್ನು ಕೊಂದರು.

ಮೇಣದ ಸಿಲಿಂಡರುಗಳು ಈಗ ಕೀವ್‌ನ ವೆರ್ನಾದ್‌ಸ್ಕಿ ಗ್ರಂಥಾಲಯದಲ್ಲಿವೆ. ಅಲ್ಲಿನ ಯಹೂದಿ ಜನಪದ ಸಂಗೀತ ಸಂಗ್ರಹ 2005ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು, ಹಾಡುಗಳು ಸಿಡಿಗಳಾಗಿ ಹೊರಬಂದವು. ‘ದಿಬ್ಬುಕ್’ ಆಡಿಸಲು ಹೊರಡುವ ಯಾವ ನಿರ್ದೇಶಕರೂ ತಾಲೀಮಿಗೆ ಮುನ್ನ ಅವನ್ನು ಕೇಳಿಸಿಕೊಳ್ಳಲಿ ಎಂಬುದು ನನ್ನ ಆಸೆ.